ಮನೆಯ ಹೋಮ್ ಥಿಯೇಟರ್‌ಗೆ ಹೊಸ ಸ್ಪೀಕರ್: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ನಮ್ಮದು 12 ಅಡಿ ಅಗಲ, 15 ಅಡಿ ಉದ್ದದ ಹಾಲ್. ಕೆಳಗೆ ಫರ್ಸಿ (ಕಲ್ಲುಹಾಸು), ಮೇಲೆ ಸ್ಲ್ಯಾಬ್, ಸುತ್ತ ಗಿಲಾವ್ (ಪ್ಲಾಸ್ಟರ್) ಮಾಡಿದ ಗೋಡೆ. ಒಂದೇ ಡಬ್ಬಿಯಲ್ಲಿ ಬಂದ 5.1 ಸೆಟ್‌ನಿಂದ (ಐದು ಸ್ಪೀಕರ್, ಜೊತೆಗೆ ಬೇಸ್ ಅಂದರೆ ಕೆಳಗಿನ ದನಿ ಕೊಡುವ ಒಂದು ವೂಫರ್) ಶುರು ಮಾಡಿ, ಕೆಲವು ವರ್ಷಗಳಲ್ಲಿ ಒಂದೊಂದೇ ಸ್ಪೀಕರ್ ಬದಲಿಸಿದೆ. ಇದಕ್ಕೆ ಕೈ ಹಾಕಿದ್ದು ಅವ್ವನ ಸಲುವಾಗಿ. ರಾತ್ರಿ ಧಾರಾವಾಹಿ ನೋಡುವಾಗ ಐದು ನಿಮಿಷಕ್ಕೊಮ್ಮೆ "ಆಕಿ ಏನಂದ್ಲಪಾ?" ಅಂತ ಕೇಳುತ್ತಿದ್ದಳು. ಅವಳ ಕಿವಿ ಚೆನ್ನಾಗಿಯೇ ಇತ್ತು. ನಮ್ಮ ಸೆಟ್‌ನಲ್ಲಿ ಮಾತೇ ಸರಿಯಾಗಿ ಬರುತ್ತಿರಲಿಲ್ಲ. ಆಮೇಲೆ ಗೆಳೆಯರು, ನೆಂಟರು ಫೋನ್ ಮಾಡಿ ಕೇಳತೊಡಗಿದರು. ಅವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ.

ಒಂದೇ ಡಬ್ಬಿಯಲ್ಲಿ ಬಂದ ಸೆಟ್ ಇದೆ. ಸ್ಪೀಕರ್ ಮಾತ್ರ ಬದಲಿಸಿದರೆ ಸಾಕಾ?

ಬಹಳಷ್ಟು ಸೆಟ್‌ಗಳಲ್ಲಿ ಸಾಕಾಗುವುದಿಲ್ಲ. ಇವುಗಳಲ್ಲಿ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಒಂದಕ್ಕೊಂದು ಹೊಂದಿಸಿ ಮಾಡಿದವು. ಸ್ಪೀಕರ್ ಹಿಂದೆ 3 ಓಮ್ಸ್ ಅಥವಾ 4 ಓಮ್ಸ್ ಅಂತ ಬರೆದಿರುತ್ತದೆ, ಅದು ಕರೆಂಟ್‌ಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ. ಅಂಗಡಿಯಲ್ಲಿ ಬಿಡಿಯಾಗಿ ಸಿಗುವವು ಹೆಚ್ಚಾಗಿ 6 ಅಥವಾ 8 ಓಮ್ಸ್. ಅವನ್ನು ಜೋಡಿಸಿದರೆ ಏನೂ ಸುಡುವುದಿಲ್ಲ, ಆದರೆ ಆ ಪುಟ್ಟ ಆಂಪ್ಲಿಫೈಯರ್ ಕೊಡುವ ಪವರ್ ಇನ್ನೂ ಕಡಿಮೆಯಾಗುತ್ತದೆ. ಇನ್ನೊಂದು ತೊಡಕು ಇದೆ. ಅಂಗೈಯಗಲದ ಸ್ಪೀಕರ್‌ಗೆ ಎಷ್ಟು ಬೇಕೋ ಅಷ್ಟನ್ನೇ ಆ ಡಬ್ಬಿ ಕಳಿಸುತ್ತದೆ, ಉಳಿದ ಬೇಸ್ ಎಲ್ಲ ವೂಫರ್‌ಗೆ ಹೋಗುತ್ತದೆ. ದೊಡ್ಡ ಸ್ಪೀಕರ್ ತಂದಿಟ್ಟರೂ ಅದರ ಕೆಲಸ ಅದಕ್ಕೆ ಸಿಗುವುದೇ ಇಲ್ಲ.

ಮೊದಲು ಡಬ್ಬಿಯನ್ನು ತಿರುಗಿಸಿ ಹಿಂಭಾಗ ನೋಡಿ. ಬಣ್ಣದ ಪ್ಲಾಸ್ಟಿಕ್ ಪ್ಲಗ್‌ಗಳಿದ್ದರೆ, ಅಥವಾ ವೂಫರ್ ಪೆಟ್ಟಿಗೆಯೊಳಗೇ ಆಂಪ್ಲಿಫೈಯರ್ ಇದ್ದರೆ, ಆ ಸೆಟ್ ಅಲ್ಲಿಗೇ ಮುಗಿಯಿತು ಅಂದುಕೊಳ್ಳಿ. ಅದಕ್ಕೆ ಹಣ ಸುರಿಯಬೇಡಿ. ಹಾಗೇ ಬಳಸುತ್ತಾ ಎವಿ ರಿಸೀವರ್‌ಗೆ (ಟಿವಿಯ ದನಿಯನ್ನು ಎಲ್ಲ ಸ್ಪೀಕರ್‌ಗೆ ಹಂಚುವ ಬಿಡಿ ಆಂಪ್ಲಿಫೈಯರ್) ದುಡ್ಡು ಕೂಡಿಡಿ. ಕೆಂಪು ಮತ್ತು ಕಪ್ಪು ತಿರುಪಿನ ಟರ್ಮಿನಲ್ ಇರುವ ರಿಸೀವರ್ ಈಗಾಗಲೇ ಇದ್ದರೆ ನಿಮ್ಮ ದಾರಿ ಸುಲಭ.

ಹೊಡೆದಾಟ ಬಂದರೆ ಮನೆ ನಡುಗುತ್ತದೆ, ಮಾತು ಮಾತ್ರ ಕೇಳುವುದಿಲ್ಲ. ಯಾಕೆ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದೇ. 5.1ರಲ್ಲಿ ಮಾತಿನ ಬಹುಪಾಲು ಬರುವುದು ನಡುವಿನ ಸ್ಪೀಕರ್‌ನಿಂದ, ಅಂದರೆ ಸೆಂಟರ್‌ನಿಂದ. ಅಗ್ಗದ ಸೆಟ್‌ಗಳಲ್ಲಿ ಸೆಂಟರ್ ಕೂಡ ಉಳಿದ ಪುಟ್ಟ ಸ್ಪೀಕರ್‌ಗಳಷ್ಟೇ ಇರುತ್ತದೆ. ಸಾಲದ್ದಕ್ಕೆ ನಾವು ಅದನ್ನು ಶೋಕೇಸ್ ಒಳಗೆ ತುರುಕಿ, ಮುಂದೆ ಗಣಪತಿ ಮೂರ್ತಿ, ಪಕ್ಕದಲ್ಲಿ ಸೆಟ್‌ಟಾಪ್ ಬಾಕ್ಸ್ ಇಡುತ್ತೇವೆ. ಒಳಗೇ ಗುಂಯ್‌ಗುಟ್ಟದೆ ಇನ್ನೇನು ಮಾಡೀತು?

ಹೊಸದು ಕೊಳ್ಳುವ ಮೊದಲು ಖರ್ಚಿಲ್ಲದ ಕೆಲಸಗಳನ್ನು ಮಾಡಿ. ಸೆಂಟರ್ ಅನ್ನು ಹಲಗೆಯ ಅಂಚಿನವರೆಗೆ ಮುಂದೆ ಎಳೆಯಿರಿ. ಹಿಂದೆ ಉಳಿದರೆ ಹಲಗೆಗೆ ಬಡಿದ ದನಿಯೂ ಮಾತಿನ ಜೊತೆ ಬೆರೆಯುತ್ತದೆ. ಟಿವಿಯ ಕೆಳಗಿದ್ದರೆ ಅದರ ಮುಂಭಾಗಕ್ಕೆ ರಬ್ಬರ್ ತುಂಡು ಕೊಟ್ಟು ಮೂತಿಯನ್ನು ಮೇಲಕ್ಕೆ ಎತ್ತಿ, ಕೂತವರ ಕಿವಿಯ ಕಡೆ ಇರಲಿ. ಆಮೇಲೆ ಸೆಟ್ಟಿಂಗ್‌ನಲ್ಲಿ ಸೆಂಟರ್ ಲೆವೆಲ್ 2ರಿಂದ 3 ಡೆಸಿಬೆಲ್ ಏರಿಸಿ. ನೈಟ್ ಮೋಡ್ ಅಥವಾ ಡೈನಾಮಿಕ್ ರೇಂಜ್ ಅನ್ನುವ ಆಯ್ಕೆ ಇದ್ದರೆ ರಾತ್ರಿ ಹೊತ್ತು ಹಾಕಿಕೊಳ್ಳಿ. ಜೋರು ಸದ್ದು ತಗ್ಗುತ್ತದೆ, ಪಿಸುಮಾತು ಮೇಲೆ ಬರುತ್ತದೆ. ನಮ್ಮ ಮನೆಯಲ್ಲಿ ಇಷ್ಟರಲ್ಲೇ ಅರ್ಧ ತೊಂದರೆ ಕಳೆಯಿತು.

ರಿಸೀವರ್ ಇದೆ. ಈಗ ಯಾವ ಸ್ಪೀಕರ್ ಮೊದಲು?

ಮುಂದಿನ ಮೂರು: ಎಡ, ಬಲ, ಸೆಂಟರ್. ಆದರೆ ಒಂದೇ ಕಂಪನಿಯ ಒಂದೇ ಸರಣಿಯದ್ದು ತಗೊಳ್ಳಿ. ಕಾರು ಎಡದಿಂದ ಬಲಕ್ಕೆ ಓಡಿದಾಗ ನಡುವೆ ಅದರ ದನಿ ಬದಲಾಗಬಾರದು ಅಲ್ವಾ? ಮೂರಕ್ಕೂ ಒಟ್ಟಿಗೆ ದುಡ್ಡಿಲ್ಲದಿದ್ದರೆ ಮೊದಲು ಎಡ-ಬಲ ಜೋಡಿ ತನ್ನಿ. ರಿಸೀವರ್‌ನ ಸೆಟ್ಟಿಂಗ್‌ನಲ್ಲಿ ಸೆಂಟರ್ ಇಲ್ಲ ಅಂತ ಹೇಳಿಬಿಡಿ. ಆಗ ಮಾತು ಎರಡೂ ಸ್ಪೀಕರ್‌ಗೆ ಸಮನಾಗಿ ಹಂಚಿಹೋಗಿ, ನಟ್ಟನಡುವೆ ಕೂತವರಿಗೆ ಟಿವಿಯಿಂದಲೇ ಬಂದಂತೆ ಕೇಳುತ್ತದೆ. ಕಳಪೆ ಸೆಂಟರ್‌ಗಿಂತ ಇದು ಎಷ್ಟೋ ಮೇಲು. ಪಕ್ಕದಲ್ಲಿ ಕೂತವರಿಗೆ ಮಾತ್ರ ಮಾತು ತಮ್ಮ ಕಡೆಗೇ ವಾಲಿದಂತೆ ಅನಿಸುತ್ತದೆ. ಹತ್ತು ಜನ ಸೇರುವ ಮನೆಗೆ ಸೆಂಟರ್ ಬೇಕೇ ಬೇಕು.

ಆಮೇಲೆ ಸಬ್‌ವೂಫರ್, ಅಂದರೆ ಬೇಸ್‌ಗೆಂದೇ ಇರುವ ಪೆಟ್ಟಿಗೆ. ಹಿಂದಿನ ಸರೌಂಡ್ ಸ್ಪೀಕರ್ ಕೊನೆಗೆ. ಅವುಗಳಿಗೆ ಇರುವ ಕೆಲಸ ಕಡಿಮೆ, ಹಳೆಯ 6 ಅಥವಾ 8 ಓಮ್ಸ್ ಜೋಡಿ ಇದ್ದರೂ ವರ್ಷಗಟ್ಟಲೆ ನಡೆಯುತ್ತದೆ.

ಡಬ್ಬಿಯ ಮೇಲೆ ಸಾವಿರಾರು ವ್ಯಾಟ್ ಬರೆದಿರುತ್ತಾರೆ. ನಂಬಬಹುದಾ?

ಪಿಎಂಪಿಒ (ಒಂದು ಕ್ಷಣದ ಗರಿಷ್ಠ ಪವರ್) ಅಂತ ಬರೆದಿದ್ದರೆ ಆ ಅಂಕಿಯನ್ನು ಬಿಟ್ಟುಬಿಡಿ. ಆರ್‌ಎಂಎಸ್, ಅಂದರೆ ಒಂದೇ ಸಮನೆ ಕೊಡುವ ಪವರ್, ಎಷ್ಟು ಅಂತ ಕೇಳಿ. ಇನ್ನೂ ಸುಲಭದ ಉಪಾಯ ಅಂದರೆ ಹಿಂದಿನ ಚೀಟಿಯಲ್ಲಿ ಅದು ಎಷ್ಟು ವ್ಯಾಟ್ ಕರೆಂಟ್ ತಿನ್ನುತ್ತದೆ ಅಂತ ನೋಡಿ. 60 ವ್ಯಾಟ್ ತಿನ್ನುವ ಪೆಟ್ಟಿಗೆ ಒಂದೇ ಸಮನೆ 1000 ವ್ಯಾಟ್ ಕೊಡಲು ಸಾಧ್ಯವೇ ಇಲ್ಲ.

ವ್ಯಾಟ್‌ಗಿಂತ ಮುಖ್ಯವಾದದ್ದು ಸೆನ್ಸಿಟಿವಿಟಿ. 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ದನಿ ಬರುತ್ತದೆ ಅನ್ನುವ ಲೆಕ್ಕ ಅದು. 85 ಡೆಸಿಬೆಲ್‌ನ ಸ್ಪೀಕರ್‌ಗೆ 88 ಡೆಸಿಬೆಲ್‌ನದ್ದರಷ್ಟು ಜೋರು ಬರಬೇಕಾದರೆ ಎರಡು ಪಟ್ಟು ಪವರ್ ಬೇಕು. ಕಿವಿಗೆ ದುಪ್ಪಟ್ಟು ಜೋರು ಅನಿಸಲು ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ಪವರ್. ಸಣ್ಣ ರಿಸೀವರ್ ಇದ್ದವರು 88 ಅಥವಾ ಅದಕ್ಕೂ ಮೇಲಿನ ಸ್ಪೀಕರ್ ಹುಡುಕಿ.

ಇದನ್ನು ಕಡೆಗಣಿಸಿ ನಾನೇ ಒಂದು ಜೋಡಿ ಹಾಳು ಮಾಡಿಕೊಂಡೆ. ಗಣೇಶ ಹಬ್ಬಕ್ಕೆ ನಮ್ಮ ಓಣಿಯ ಪೆಂಡಾಲ್‌ನಲ್ಲಿ ಮನೆಯ ಸ್ಪೀಕರ್ ಇಟ್ಟೆವು. ಬಯಲಿನಲ್ಲಿ ದೂರ ದುಪ್ಪಟ್ಟಾದಂತೆಲ್ಲ ದನಿ 6 ಡೆಸಿಬೆಲ್ ಬೀಳುತ್ತದೆ, ಮರಳಿಸಲು ಗೋಡೆಯೂ ಇಲ್ಲ. ಕೇಳಿಸುತ್ತಿಲ್ಲ ಅಂತ ವಾಲ್ಯೂಮ್ ಏರಿಸುತ್ತಾ ಹೋದೆವು. ಆಂಪ್ಲಿಫೈಯರ್ ಸುಸ್ತಾಗಿ ದನಿ ಕರಕರ ಅನ್ನತೊಡಗಿತು. ಆರತಿಯ ಹೊತ್ತಿಗೆ ಎರಡೂ ಟ್ವೀಟರ್ (ಸ್ಪೀಕರ್‌ನಲ್ಲಿ ಮೇಲುದನಿ ಕೊಡುವ ಪುಟ್ಟ ಭಾಗ) ಸುಟ್ಟಿದ್ದವು. ಕರಕರ ಶುರುವಾಯಿತೆಂದರೆ ಆಂಪ್ಲಿಫೈಯರ್ ಮಿತಿ ಮೀರಿದೆ ಅಂತಲೇ ಅರ್ಥ. ತಕ್ಷಣ ವಾಲ್ಯೂಮ್ ಇಳಿಸಿ.

ಓಮ್ಸ್ ಎಷ್ಟಿರಬೇಕು?

ರಿಸೀವರ್ ಹಿಂದೆ ಬರೆದಿರುವುದಕ್ಕಿಂತ ಕಡಿಮೆ ಇರಬಾರದು. 6 ಅಂತಿದ್ದರೆ 6 ಅಥವಾ 8. ಒಂದೇ ಟರ್ಮಿನಲ್‌ಗೆ 8 ಓಮ್ಸ್‌ನ ಎರಡು ಸ್ಪೀಕರ್ ಜೊತೆಯಾಗಿ ಸಿಕ್ಕಿಸಿದರೆ ಅದು 4 ಓಮ್ಸ್ ಆಗುತ್ತದೆ. ಅಡುಗೆಮನೆಗೂ ಒಂದಿರಲಿ ಅಂತ ಹೀಗೆ ಮಾಡಬೇಡಿ.

ಟವರ್ ಸ್ಪೀಕರ್ ತಗೊಳ್ಳಬೇಕೋ, ಬುಕ್‌ಶೆಲ್ಫ್ ಸಾಕೋ?

ಟವರ್ ಅಂದರೆ ನೆಲದ ಮೇಲೆ ನಿಲ್ಲುವ ಎತ್ತರದ ಸ್ಪೀಕರ್, ಬುಕ್‌ಶೆಲ್ಫ್ ಅಂದರೆ ಸ್ಟ್ಯಾಂಡ್ ಮೇಲಿಡುವ ಸಣ್ಣದು. ನಮ್ಮ ಕಡೆಯ ಹಾಲ್‌ಗಳಿಗೆ ಸಬ್‌ವೂಫರ್ ಜೊತೆ ಒಳ್ಳೆಯ ಬುಕ್‌ಶೆಲ್ಫ್ ಸಾಕು. ಟವರ್ ಗೋಡೆಗೆ ಅಂಟಿಕೊಂಡರೆ ಬೇಸ್ ಉಬ್ಬುತ್ತದೆ, ಮುಂದೆ ಎಳೆದರೆ ಓಡಾಡಲು ಜಾಗವಿರುವುದಿಲ್ಲ. ಅದೇ ದುಡ್ಡಿನಲ್ಲಿ ಮೇಲ್ದರ್ಜೆಯ ಬುಕ್‌ಶೆಲ್ಫ್ ಮತ್ತು ಗಟ್ಟಿ ಸ್ಟ್ಯಾಂಡ್ ಬರುತ್ತದೆ. ಟ್ವೀಟರ್ ಕೂತವರ ಕಿವಿಯ ಎತ್ತರಕ್ಕಿರಲಿ. ನೀವು ಕೂರುವ ಜಾಗದಿಂದ ನೋಡಿದರೆ ಎಡ-ಬಲ ಎರಡೂ ನಡುಗೆರೆಯಿಂದ 22ರಿಂದ 30 ಡಿಗ್ರಿ ಕೋನದಲ್ಲಿರಬೇಕು. ಕೋನ ಅಳೆಯುವುದು ಕಷ್ಟ ಅನ್ನುವವರಿಗೆ ಒಂದು ಸರಳ ಲೆಕ್ಕ. ಎರಡು ಸ್ಪೀಕರ್‌ಗಳ ನಡುವೆ 8 ಅಡಿ ಇದ್ದರೆ ಪ್ರತಿ ಸ್ಪೀಕರ್‌ನಿಂದ ನಿಮ್ಮ ತಲೆಗೂ 8 ಅಡಿ, ಅಥವಾ ಅದಕ್ಕಿಂತ ತುಸು ಜಾಸ್ತಿ.

ಅಂಗಡಿಯಲ್ಲಿ ಚೆನ್ನಾಗಿ ಕೇಳಿತ್ತು. ಮನೆಗೆ ತಂದರೆ ಕಿರಿಕಿರಿ. ಸ್ಪೀಕರ್ ಕೆಟ್ಟಿದೆಯಾ?

ಸ್ಪೀಕರ್ ಮೇಲೆ ಸಿಟ್ಟು ಮಾಡಬೇಡಿ, ಹಾಲ್ ನೋಡಿ. ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಚಪ್ಪಾಳೆಯ ಬಾಲಕ್ಕೆ "ಟ್ರ್‌ರ್" ಅಂತ ಸಣ್ಣ ಕಂಪನ ಬಂತಾ? ಅದು ಎದುರುಬದುರಿನ ಬೋಳು ಗೋಡೆಗಳ ನಡುವೆ ದನಿ ಓಡಾಡುವ ಸದ್ದು.

ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೋಲಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಒಬ್ಬರೇ ಪಿಸುಗುಟ್ಟಿದರೆ ಎದುರಿನ ಬದಿಗೆ ಸ್ಪಷ್ಟವಾಗಿ ಕೇಳುತ್ತದೆ. ಒಂದು ಚಪ್ಪಾಳೆ ಹಲವು ಸಲ ಮರಳಿ ಬರುತ್ತದೆ. ಶಾಲೆಯ ಮಕ್ಕಳು ಪ್ರವಾಸಕ್ಕೆ ಬಂದು ಎಲ್ಲರೂ ಒಟ್ಟಿಗೆ ಕೂಗಿದಾಗ? ಒಂದು ಅಕ್ಷರವೂ ತಿಳಿಯುವುದಿಲ್ಲ. ಹಿಂದಿನ ಮಾತು ಇಳಿಯುವ ಮೊದಲೇ ಮುಂದಿನದು ಅದರ ಮೇಲೆ ಬಂದು ಕೂರುತ್ತದೆ. ಫರ್ಸಿ, ಸ್ಲ್ಯಾಬ್, ಗಾಜಿನ ಕಿಟಕಿ ಇರುವ ಹಾಲ್‌ನಲ್ಲಿ ಧಾರಾವಾಹಿಯ ಮಾತಿಗೂ ಆಗುವುದು ಇದೇ, ಪ್ರಮಾಣ ಮಾತ್ರ ಸಣ್ಣದು.

ಇದಕ್ಕೆ ಮದ್ದು ನಮ್ಮ ಮನೆಗಳಲ್ಲೇ ಇದೆ: ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲಿ ಹೊಲಿದ ದಪ್ಪ ಕೌದಿ ಮೇಲುದನಿಯನ್ನು ಚೆನ್ನಾಗಿ ಹೀರುತ್ತದೆ. ಅವ್ವ ಹೊಲಿದ, ಇಳಕಲ್ ಸೀರೆಯ ಕೆಂಪು ಸೆರಗಿನ ತುಂಡುಗಳಿದ್ದ ಒಂದು ಕೌದಿ ಟ್ರಂಕಿನಲ್ಲಿತ್ತು. ಅದನ್ನು ಬಿದಿರಿನ ಕೋಲಿಗೆ ಹಾಕಿ ಸೋಫಾದ ಹಿಂದಿನ ಗೋಡೆಗೆ ತೂಗಿಬಿಟ್ಟೆ. ಗೋಡೆಗೆ ಅಂಟಿಸಲಿಲ್ಲ, 3 ಇಂಚು ಸಂದು ಬಿಟ್ಟೆ. ಸಂದು ಇದ್ದಷ್ಟು ಇನ್ನೂ ಕೆಳಗಿನ ದನಿಯನ್ನೂ ಅದು ಹಿಡಿಯುತ್ತದೆ. ನೆಲಕ್ಕೆ, ಟಿವಿ ಮತ್ತು ಸೋಫಾ ನಡುವೆ ಜಮಖಾನ ಹಾಸಿದೆ. ಆಮೇಲೆ ಚಪ್ಪಾಳೆ ತಟ್ಟಿದರೆ "ಟಪ್" ಅಂತ ಅಲ್ಲೇ ನಿಂತಿತು. ಗೋಡೆಯ ಮೇಲೆ ತನ್ನ ಕೌದಿ ನೋಡಿ ಅವ್ವನಿಗೂ ಖುಷಿ.

ಪಕ್ಕದ ಗೋಡೆಗಳಲ್ಲಿ ಎಲ್ಲಿ ತೂಗಬೇಕು ಅನ್ನುವುದಕ್ಕೆ ಕನ್ನಡಿ ಬೇಕು. ನೀವು ಸೋಫಾದಲ್ಲಿ ಕೂತಿರಿ. ಇನ್ನೊಬ್ಬರು ಕನ್ನಡಿಯನ್ನು ಗೋಡೆಗೆ ಹಿಡಿದು ನಿಧಾನ ಸರಿಸಲಿ. ಕನ್ನಡಿಯಲ್ಲಿ ನಿಮಗೆ ಎಲ್ಲಿ ಸ್ಪೀಕರ್ ಕಾಣಿಸುತ್ತದೋ, ದನಿ ಬಡಿದು ಬರುವುದು ಅಲ್ಲಿಂದಲೇ. ಅಲ್ಲಿಗೊಂದು ಪರದೆ ಅಥವಾ ಕೌದಿ. ಪುಸ್ತಕ ತುಂಬಿದ ಕಪಾಟು ಇದ್ದರೂ ಒಳ್ಳೆಯದು. ಆದರೆ ಬಟ್ಟೆ ಬೇಸ್ ಅನ್ನು ತಡೆಯುವುದಿಲ್ಲ. ಅದಕ್ಕೆ ಮುಂದಿನ ಪ್ರಶ್ನೆ ಓದಿ.

ಸಬ್‌ವೂಫರ್ ಎಲ್ಲಿಡಬೇಕು? ಮೂಲೆಯಲ್ಲಿಟ್ಟರೆ ಬರೀ ಗುಮ್ ಅನ್ನುತ್ತದೆ.

ಮೂಲೆ ಬೇಸ್ ಅನ್ನು ಜಾಸ್ತಿ ಮಾಡುತ್ತದೆ, ಸಮ ಮಾಡುವುದಿಲ್ಲ. ಪ್ರತಿ ಹಾಲ್‌ಗೂ ತನ್ನದೇ ಅಳತೆಗೆ ತಕ್ಕ ಕೆಲವು ಸ್ವರಗಳು ಉಬ್ಬುತ್ತವೆ. 12 ಅಡಿ ಅಗಲಕ್ಕೆ ಸುಮಾರು 47 ಹರ್ಟ್ಜ್, 15 ಅಡಿ ಉದ್ದಕ್ಕೆ ಸುಮಾರು 38 ಹರ್ಟ್ಜ್. ಉದ್ದ ಅಗಲ ಒಂದೇ ಇರುವ ಚೌಕ ಕೋಣೆಯಲ್ಲಿ ಎರಡೂ ಒಂದೇ ಕಡೆ ಸೇರಿ ಇನ್ನೂ ಕಷ್ಟ.

ಜಾಗ ಹುಡುಕುವ ಕ್ರಮ ಹೀಗೆ. ಸಬ್‌ವೂಫರ್ ಅನ್ನು ಎತ್ತಿ ನೀವು ಕೂರುವ ಸೋಫಾದ ಮೇಲೇ ಇಡಿ. ತಬಲಾ-ಡಗ್ಗಾ ಅಥವಾ ಡೊಳ್ಳು ಚೆನ್ನಾಗಿರುವ ರೆಕಾರ್ಡಿಂಗ್ ಹಚ್ಚಿ. ಈಗ ನೀವು ಗೋಡೆಗುಂಟ ಮೊಣಕಾಲೂರಿ ಸಾಗಿ, ತಲೆ ನೆಲದ ಮೇಲಿಟ್ಟ ಸಬ್‌ವೂಫರ್‌ನ ಎತ್ತರಕ್ಕೇ ಇರಲಿ. ಎರಡು ಹೆಜ್ಜೆಗೊಮ್ಮೆ ನಿಂತು ಕೇಳಿ. ಕೆಲವು ಕಡೆ ಡಗ್ಗಾ ಸತ್ತೇ ಹೋಗುತ್ತದೆ. ಕೆಲವು ಕಡೆ ಎಲ್ಲ ಪೆಟ್ಟೂ ಒಂದೇ ಗುಮ್ ಆಗುತ್ತದೆ. ಎಲ್ಲಿ ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದ ಆ ತಿರುವು ಬಿಡಿಬಿಡಿಯಾಗಿ ಕೇಳುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ. ಸಬ್‌ವೂಫರ್‌ನ ಜಾಗ ಅದು. ನಮ್ಮ ಮನೆಯಲ್ಲಿ ಅದು ಟಿವಿಯ ಎಡಕ್ಕೆ, ಮೂಲೆಯಿಂದ 4 ಅಡಿ ಈಚೆ ಬಂತು.

ಆಮೇಲೆ ರಿಸೀವರ್‌ನಲ್ಲಿ ಎಲ್ಲ ಸ್ಪೀಕರ್‌ಗಳನ್ನೂ "ಸ್ಮಾಲ್" ಮಾಡಿ, ಕ್ರಾಸ್‌ಓವರ್ (ಬೇಸ್ ಸಬ್‌ವೂಫರ್‌ಗೆ ಹೋಗುವ ಗಡಿ) 80 ಹರ್ಟ್ಜ್ ಇಡಿ. ಸ್ಮಾಲ್ ಅಂದರೆ ಸ್ಪೀಕರ್ ಸಣ್ಣದು ಅಂತಲ್ಲ, ಕೆಳಗಿನ ಬೇಸ್ ಅನ್ನು ಸಬ್‌ವೂಫರ್‌ಗೆ ಬಿಡು ಅಂತ. ಸಬ್‌ವೂಫರ್ ಹಿಂದಿನ ಕ್ರಾಸ್‌ಓವರ್ ತಿರುಗುಣಿಯನ್ನು (ವಾಲ್ಯೂಮ್ ಅಲ್ಲ) ಪೂರ್ತಿ ಮೇಲಕ್ಕೆ ತಿರುಗಿಸಿ. ಇಲ್ಲದಿದ್ದರೆ ಎರಡು ಕಡೆ ಕತ್ತರಿ ಬೀಳುತ್ತದೆ.

ಪಕ್ಕದ ಮನೆಯವರ ಜೊತೆ ಒಂದೇ ಗೋಡೆ ಇದ್ದರೆ ಆ ಗೋಡೆಯ ಕಡೆ ಸಬ್‌ವೂಫರ್ ಬೇಡವೇ ಬೇಡ. ರಾತ್ರಿ ಮಾತು ಅವರಿಗೆ ಕೇಳದಿದ್ದರೂ ಬೇಸ್ ಗೋಡೆ ದಾಟುತ್ತದೆ. ಅವರ ಮನೆಯಲ್ಲೂ ಮಕ್ಕಳು ಓದುತ್ತಿರುತ್ತಾರೆ.

ಯಾವ ವೈರ್ ಹಾಕಬೇಕು?

1.5 ಚದರ ಮಿಲಿಮೀಟರ್‌ನ ತಾಮ್ರದ ಎರಡೆಳೆ ವೈರ್ ಸಾಕು. ಹಿಂದಿನ ಸ್ಪೀಕರ್‌ಗೆ 40-50 ಅಡಿ ಓಡಿಸುವುದಿದ್ದರೆ 2.5 ತಗೊಳ್ಳಿ. ಅಲ್ಯೂಮಿನಿಯಂಗೆ ತಾಮ್ರ ಲೇಪಿಸಿದ ವೈರ್ ಕೊಡುತ್ತಾರೆ, ಹೊರಗಿಂದ ಒಂದೇ ತರ ಕಾಣುತ್ತದೆ. ಎಳೆಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಬೇಡ. ಸಾವಿರಾರು ರೂಪಾಯಿಯ ಚಂದದ ಕೇಬಲ್ ಕೂಡ ಬೇಡ, ಆ ಹಣವನ್ನು ಸೆಂಟರ್‌ಗೆ ಹಾಕಿ.

ತುದಿ ಸುಲಿದ ಮೇಲೆ ಎಳೆಗಳನ್ನು ಬಿಗಿಯಾಗಿ ಹೊಸೆಯಿರಿ. ಕೂದಲಿನಂಥ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ರಿಸೀವರ್ ತನ್ನಷ್ಟಕ್ಕೆ ಬಂದ್ ಆಗುತ್ತದೆ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಸ್ಪೀಕರ್ ಉಲ್ಟಾ ಆದರೆ ಎಡ-ಬಲದ ಬೇಸ್ ಒಂದನ್ನೊಂದು ನುಂಗುತ್ತದೆ, ಮಾತು ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯುವುದಿಲ್ಲ.

ವೈರ್ ಮೇಲೆ ಗುರುತಿಲ್ಲದಿದ್ದರೆ ರಿಸೀವರ್ ಕಡೆಯ ತುದಿ ಬಿಚ್ಚಿ, ಗಡಿಯಾರದ 1.5 ವೋಲ್ಟ್ ಸೆಲ್ ತಗೊಂಡು ಎರಡು ಎಳೆಗೆ ಒಂದು ಕ್ಷಣ ಮುಟ್ಟಿಸಿ. "ಟಕ್" ಅನ್ನುತ್ತದೆ. ಸ್ಪೀಕರ್‌ನ ದೊಡ್ಡ ಕೋನ್ (ಅಲುಗಾಡುವ ಪೊರೆ) ಹೊರಗೆ ಬಂದರೆ ಸೆಲ್‌ನ ಪ್ಲಸ್‌ಗೆ ತಾಗಿದ ಎಳೆಯೇ ಪ್ಲಸ್. ಒಳಗೆ ಹೋದರೆ ಉಲ್ಟಾ.

ಸೋಫಾ ಗೋಡೆಗೆ ತಾಗಿದೆ. ಹಿಂದಿನ ಸ್ಪೀಕರ್ ಎಲ್ಲಿ?

ಹಿಂದೆ ಇರಬೇಕೆಂದೇನಿಲ್ಲ. 5.1ರಲ್ಲಿ ಅವು ನಿಮ್ಮ ಎಡಬಲಕ್ಕೆ ನೇರವಾಗಿ ಅಥವಾ ತುಸು ಹಿಂದೆ, 90ರಿಂದ 110 ಡಿಗ್ರಿಯಲ್ಲಿ ಇದ್ದರೆ ಸರಿ. ಕಿವಿಗಿಂತ ಒಂದೆರಡು ಅಡಿ ಮೇಲೆ ಪಕ್ಕದ ಗೋಡೆಗೆ ಹಾಕಿ. ಬಾಗಲಕೋಟೆ ನವನಗರದ ಗೆಳೆಯನೊಬ್ಬ ಎರಡನ್ನೂ ಸೋಫಾದ ಬೆನ್ನಿಗೇ ಇಟ್ಟಿದ್ದ. ಕಿವಿಯ ಹತ್ತಿರದ ಸ್ಪೀಕರ್ ಬಿಟ್ಟರೆ ಅವನಿಗೆ ಬೇರೇನೂ ಕೇಳುತ್ತಿರಲಿಲ್ಲ. ಸೋಫಾವನ್ನೇ ಒಂದಡಿ ಮುಂದೆ ಎಳೆದು, ಸ್ಪೀಕರ್ ಪಕ್ಕದ ಗೋಡೆಗೆ ಏರಿಸಿದೆವು. ಸರಿಹೋಯಿತು.

ಡಾಲ್ಬಿ ಅಟ್ಮಾಸ್?

ತಲೆಯ ಮೇಲಿನಿಂದಲೂ ದನಿ ಕೇಳಿಸುವ ವ್ಯವಸ್ಥೆ ಇದು. 2012ರಲ್ಲಿ ಚಿತ್ರಮಂದಿರಕ್ಕೆ ಬಂದದ್ದು, ಈಗ ಮನೆಗೂ ಇದೆ. ಅದಕ್ಕೆ ಛಾವಣಿಯಲ್ಲಿ ಸ್ಪೀಕರ್ ಬೇಕು, ಇಲ್ಲವೇ ದನಿಯನ್ನು ಛಾವಣಿಗೆ ಬಡಿಸಿ ಮರಳಿಸುವ ಸ್ಪೀಕರ್. ಮುಂದಿನ ಮೂರು ಸರಿಯಾಗುವವರೆಗೆ ಅದರ ಯೋಚನೆ ಬೇಡ. ಹೊಸ ಮನೆ ಕಟ್ಟಿಸುತ್ತಿದ್ದರೆ ಮಾತ್ರ ಗಿಲಾವ್‌ಗೆ ಮೊದಲೇ ಪೈಪ್ ಹಾಕಿಸಿಡಿ.

ಎಲ್ಲ ಜೋಡಿಸಿದೆ. ಆದರೂ ಎರಡೇ ಸ್ಪೀಕರ್‌ನಲ್ಲಿ ದನಿ ಬರುತ್ತದೆ!

ಟಿವಿಯ ಸೆಟ್ಟಿಂಗ್ ನೋಡಿ. ಎಚ್‌ಡಿಎಂಐ ಕೇಬಲ್ ಎರಡೂ ಕಡೆ ಎಆರ್‌ಸಿ ಅಥವಾ ಇಎಆರ್‌ಸಿ ಅಂತ ಬರೆದ ಕಿಂಡಿಯಲ್ಲೇ (ಟಿವಿಯ ದನಿ ರಿಸೀವರ್‌ಗೆ ಬರುವ ಕಿಂಡಿ) ಇರಬೇಕು. ಟಿವಿಯ ಸೌಂಡ್ ಔಟ್‌ಪುಟ್ ಪಿಸಿಎಂ ಅಂತಿದ್ದರೆ ಎಆರ್‌ಸಿಯಲ್ಲಿ ಹೋಗುವುದು ಎರಡೇ ಚಾನೆಲ್. ಅದನ್ನು ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂ ಮಾಡಿ. ಸ್ಟೀರಿಯೊದಲ್ಲೇ ಬರುವ ಧಾರಾವಾಹಿ, ವಾರ್ತೆಗಳಿಗೆ ರಿಸೀವರ್‌ನಲ್ಲಿ ಡಾಲ್ಬಿ ಸರೌಂಡ್ ಅಥವಾ ಪ್ರೊ ಲಾಜಿಕ್ ಮೋಡ್ ಹಾಕಿ. ಮಾತನ್ನು ಹೆಕ್ಕಿ ಸೆಂಟರ್‌ಗೆ ಕಳಿಸುತ್ತದೆ. ನಮ್ಮ ಅವ್ವನಿಗೆ ಬಹಳ ಉಪಯೋಗವಾದದ್ದು ಈ ಒಂದು ಗುಂಡಿ.

ಬಿಸಿಲು, ಧೂಳು, ಕರೆಂಟ್?

ಏಪ್ರಿಲ್-ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ರಿಸೀವರ್ ಮೇಲೆ ನಾಲ್ಕೈದು ಇಂಚು ಬಯಲು ಬಿಡಿ, ಅದರ ಮೇಲೆ ಸೆಟ್‌ಟಾಪ್ ಬಾಕ್ಸ್ ಇಡಬೇಡಿ. ಎರಿಮಣ್ಣಿನ ಧೂಳು ಒಳಗೆ ಸೇರುತ್ತದೆ, ಆದ್ದರಿಂದ ಬಳಸದಾಗ ತೆಳು ಬಟ್ಟೆ ಹೊದಿಸಿ, ಹಚ್ಚುವ ಮೊದಲು ತಪ್ಪದೆ ತೆಗೆಯಿರಿ. ಬೆಳಗಾವಿಯವರ ಚಿಂತೆ ಬೇರೆ. ಅಲ್ಲಿ ಮಳೆಗಾಲದ ತೇವಕ್ಕೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಪೆಟ್ಟಿಗೆ ಉಬ್ಬುತ್ತದೆ. ಹಸಿ ಹಿಡಿಯುವ ಗೋಡೆಯಿಂದ ದೂರ, ನೆಲದಿಂದ ಮೇಲೆ ಇಡಿ.

ಕರೆಂಟ್ ಹೋಗಿ ಮರಳುವಾಗ ವೋಲ್ಟೇಜ್ ಜಿಗಿಯುತ್ತದೆ. ಕರೆಂಟ್ ಹೋದ ಕೂಡಲೇ ಸ್ವಿಚ್ ಆರಿಸಿ, ಬಂದ ಮೇಲೆ ಎರಡು ನಿಮಿಷ ತಡೆದು ಹಾಕಿ. ಒಂದೇ ಸಮನೆ ಗುಂಯ್ ಅಂದರೆ ಮೊದಲು ಕೇಬಲ್ ಟಿವಿಯ ವೈರ್ ಕಿತ್ತು ನೋಡಿ, ಎಷ್ಟೋ ಸಲ ಅಲ್ಲಿಂದಲೇ ಬರುತ್ತದೆ. ಅರ್ಥಿಂಗ್ ಪಿನ್ ಕತ್ತರಿಸುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ, ಜೀವಕ್ಕೆ ಅಪಾಯ.

ಸೆಕೆಂಡ್ ಹ್ಯಾಂಡ್ ಸ್ಪೀಕರ್ ತಗೊಳ್ಳಬಹುದಾ?

ಖಂಡಿತ. ಸ್ಪೀಕರ್ ಬೇಗ ಹಳತಾಗುವ ವಸ್ತುವಲ್ಲ. ಕೋನ್ ಸುತ್ತಲಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ಫೋಮ್ ಆಗಿದ್ದು ಪುಡಿ ಉದುರಿದರೆ ಬೇಡ, ರಬ್ಬರ್ ಹೆಚ್ಚು ಬಾಳುತ್ತದೆ. ನಾಲ್ಕೂ ಬೆರಳಿನಿಂದ ಸಮನಾಗಿ ಕೋನ್ ಒಳಗೆ ಒತ್ತಿ ನೋಡಿ, ಕೆರೆದ ಸದ್ದು ಬಂದರೆ ಕಾಯಿಲ್ ಕೆಟ್ಟಿದೆ. ಮಲ್ಟಿಮೀಟರ್ ಇದ್ದರೆ 8 ಓಮ್ಸ್ ಸ್ಪೀಕರ್ ಸುಮಾರು 6 ತೋರಿಸುತ್ತದೆ, ಅದು ಸರಿಯೇ. ಟ್ವೀಟರ್ ಹತ್ತಿರ ಕಿವಿಯಿಟ್ಟು ತಾಳದ ಕಿಣಿಕಿಣಿ ಬರುತ್ತಿದೆಯಾ ಕೇಳಿ.

ಮೈಕ್ ಇಟ್ಟು ಅಳೆಯುವ ಕೆಲಸ ಹೇಗೆ ಮಾಡುವುದು?

ರಿಸೀವರ್ ಜೊತೆ ಬರುವ ಪುಟ್ಟ ಮೈಕ್ ಅನ್ನು ಡಬ್ಬಿಯಲ್ಲೇ ಬಿಡಬೇಡಿ. ಡೆನಾನ್‌ನಲ್ಲಿ ಆಡಿಸ್ಸಿ, ಯಮಹಾದಲ್ಲಿ ವೈಪಿಎಒ ಅಂತ ಹೆಸರು ಬೇರೆ ಇದ್ದರೂ ಕೆಲಸ ಒಂದೇ. ಪ್ರತಿ ಸ್ಪೀಕರ್ ಎಷ್ಟು ದೂರ, ಎಷ್ಟು ಜೋರು ಅಂತ ಅಳೆದು ಸರಿಮಾಡುತ್ತದೆ. ಬೆಳಗಿನ ಜಾವ, ಓಣಿ ಎದ್ದೇಳುವ ಮೊದಲು ಮಾಡಿ. ಫ್ಯಾನ್, ಕೂಲರ್, ಫ್ರಿಜ್ ಎಲ್ಲ ಆರಿಸಿ. ಮೈಕ್ ಸೋಫಾದ ದಿಂಬಿನ ಮೇಲೆ ಬೇಡ, ಕಿವಿಯ ಎತ್ತರಕ್ಕೆ ಸ್ಟೂಲ್ ಮೇಲೆ ಏನಾದರೂ ಪೇರಿಸಿ ಇಡಿ. ನೀವು ಕೋಣೆಯ ಹೊರಗೆ ನಿಲ್ಲಿ. ಮುಗಿದ ಮೇಲೆ ಸಬ್‌ವೂಫರ್ ದೂರ ನಿಜಕ್ಕಿಂತ ಜಾಸ್ತಿ ತೋರಿಸಬಹುದು. ಅದರೊಳಗಿನ ಸರ್ಕ್ಯೂಟ್ ಮಾಡುವ ತಡವನ್ನೂ ಸೇರಿಸಿದ ಲೆಕ್ಕ ಅದು, ತಿದ್ದಬೇಡಿ. ಯಾವುದಾದರೂ ಸ್ಪೀಕರ್ ಅನ್ನು "ಲಾರ್ಜ್" ಮಾಡಿದ್ದರೆ ಮಾತ್ರ ಮತ್ತೆ ಸ್ಮಾಲ್‌ಗೆ ತನ್ನಿ.

ಸೋಫಾ ಸರಿಸಿದಾಗ, ಕೌದಿ ಒಗೆಯಲು ಇಳಿಸಿ ಬೇರೆ ಹಾಕಿದಾಗ ಇದನ್ನು ಇನ್ನೊಮ್ಮೆ ಮಾಡಿ. ಹತ್ತು ನಿಮಿಷದ ಕೆಲಸ.